ಮೀಸಲು ಹೊತ್ತು

ನಮ್ಮಜ್ಜಿ ಮೊಸರು ಕಡೆಯಲು ಕೂತರೆ ಮಕ್ಕಳೆಲ್ಲ ಸುತ್ತ ನೆರೆಯುತ್ತಿದ್ದೆವು. ಕಡೆಗೋಲಿನ ಹಗ್ಗ ಎಳೆದೆಳೆದು, ನೊರೆ ಗಟ್ಟಿಯಾಗಿ, ಬೆಣ್ಣೆ ತೇಲಿ ಬರುವ ಹೊತ್ತಿಗೆ ಐದಾರು ಅಂಗೈಗಳು ಮುಂದೆ ಚಾಚಿರುತ್ತಿದ್ದವು. ಅಜ್ಜಿ ಯಾರ ಕೈಗೂ ಹಾಕುತ್ತಿರಲಿಲ್ಲ. ಮೊದಲು ಒಂದು ಗೋಲಿಯಷ್ಟು ಬೆಣ್ಣೆ ತೆಗೆದು, ತಣ್ಣೀರಲ್ಲಿ ತೊಳೆದು, ಬಾಳೆಲೆಯ ಚೂರಿನ ಮೇಲಿಟ್ಟು, ಎದ್ದು ಹೋಗಿ ದೇವರ ಗೂಡಿನಲ್ಲಿ ಇಟ್ಟು ಬರುತ್ತಿದ್ದಳು. ಅದು ಮೀಸಲು. ಆಮೇಲೆ ನಮ್ಮ ಸರದಿ. "ನಮಗೆ ಕೊಟ್ಟು ಉಳಿದದ್ದನ್ನು ದೇವರಿಗೆ ಇಡಬಾರದಾ ಅಜ್ಜಿ?" ಎಂದು ಒಮ್ಮೆ ಕೇಳಿದ್ದೆ. "ಹಾಗೆ ಇಟ್ಟರೆ ಅದು ಮೀಸಲಲ್ಲ ಮಗು, ಮಿಕ್ಕಿದ್ದು" ಅಂದಿದ್ದಳು.

ಕೇಳುಗರೇ, ಅಜ್ಜಿಯ ಆ ಮಾತು ನನಗೆ ಮತ್ತೆ ನೆನಪಾಗಲು 47 ವರ್ಷ ತುಂಬಬೇಕಾಯಿತು. ನೆನಪಿಸಿದ್ದು ಒಂದು ವೀಣೆ.

ಅದು ಅಮ್ಮನ ವೀಣೆ, ಹಲಸಿನ ಮರದ್ದು. ಮದುವೆಗೆ ಮುಂಚೆ ಅಮ್ಮ ಮೈಸೂರಿನ ಅಗ್ರಹಾರದಲ್ಲಿ ಆರು ವರ್ಷ ಪಾಠ ಹೇಳಿಸಿಕೊಂಡಿದ್ದಳು. ಶೇಷಣ್ಣನವರು, ವೆಂಕಟಗಿರಿಯಪ್ಪನವರು, ದೊರೆಸ್ವಾಮಿ ಅಯ್ಯಂಗಾರ್ಯರು ನುಡಿಸಿದ ಊರಿನಲ್ಲಿ ಹೆಣ್ಣುಮಗಳೊಬ್ಬಳಿಗೆ ವೀಣೆ ಕಲಿಸುವುದು ಮನೆಗೆ ಒಂದು ಹೆಮ್ಮೆ. ಮದುವೆಯಾದ ಮೇಲೆ ಆ ವೀಣೆ ಗವಸಿನೊಳಗೆ ಹೋಯಿತು. ಕೋಣೆಯ ಮೂಲೆಯಲ್ಲಿ ನಿಂತ ಆ ಗವಸನ್ನು ನೋಡಿಕೊಂಡೇ ನಾನು ಬೆಳೆದೆ, ಎಂದಾದರೂ ಇದನ್ನು ನುಡಿಸಬೇಕು ಅಂದುಕೊಂಡೆ. ಓದು ಮುಗಿಯಲಿ, ಕೆಲಸ ಸಿಗಲಿ, ಮಕ್ಕಳು ಒಂದು ದಡ ಸೇರಲಿ ಎನ್ನುತ್ತ ವರ್ಷಗಳು ಹೋದವು. ಕಡೆಗೊಂದು ದಿನ ಗವಸು ಬಿಚ್ಚಿದರೆ ದಂಡಿಯ ಮೇಲಿನ ಮೇಣ ಒಣಗಿ ಬಿರುಕು ಬಿಟ್ಟಿತ್ತು. ರಿಪೇರಿಯವರು ಹೊಸ ಮೇಣ ಹಾಕಿ 24 ಮೆಟ್ಟಿಲುಗಳನ್ನು ಕೂರಿಸಿ, ಏಳೂ ತಂತಿ ಬದಲಿಸಿ ಕೊಟ್ಟರು. ಕಲಿಸಲು ಒಬ್ಬ ಮೇಷ್ಟ್ರು ಒಪ್ಪಿದರು.

ಮೊದಲ ಆರು ತಿಂಗಳು ಅಭ್ಯಾಸಕ್ಕೆ ನಾನು ಇಟ್ಟುಕೊಂಡದ್ದು ರಾತ್ರಿಯ ಹೊತ್ತು. ಕಚೇರಿಯಿಂದ ಬಂದು, ಅಡುಗೆ ಮುಗಿಸಿ, ಎಲ್ಲರಿಗೂ ಬಡಿಸಿ, ನಾಳೆಯ ತರಕಾರಿ ಹೆಚ್ಚಿಟ್ಟು ಚಾಪೆ ಹಾಸುವಷ್ಟರಲ್ಲಿ ಕಣ್ಣು ತಾನಾಗಿ ಮುಚ್ಚುತ್ತಿತ್ತು. ವಾರಕ್ಕೆ ಎರಡು ದಿನ ಕೂತರೆ ಹೆಚ್ಚು. ಅದನ್ನು ತಿಳಿದಾಗ ಮೇಷ್ಟ್ರು ಬೈಯಲಿಲ್ಲ. "ದಿನವೆಲ್ಲ ಯಾರ್ಯಾರಿಗೋ ಬಡಿಸಿ, ತಳ ಕೆರೆದು ವೀಣೆಗೆ ಹಾಕ್ತಿದ್ದೀರಮ್ಮ. ಅದಕ್ಕೆ ಹೊಟ್ಟೆ ತುಂಬೋದಿಲ್ಲ" ಎಂದರು. ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕಣ್ಣ ಮುಂದಿದ್ದದ್ದು ಅಜ್ಜಿಯ ಬಾಳೆಲೆಯ ಚೂರು.

ಮರುದಿನದಿಂದ ಐದು ಗಂಟೆಗೆ ಕೂತೆ.

ಬ್ರಾಹ್ಮೀ ಮುಹೂರ್ತ ಎನ್ನುತ್ತಾರೆ. ಒಂದು ಮುಹೂರ್ತವೆಂದರೆ 48 ನಿಮಿಷ. ಸೂರ್ಯ ಹುಟ್ಟುವುದಕ್ಕೆ ಎರಡು ಮುಹೂರ್ತ, ಎಂದರೆ ಒಂದು ಗಂಟೆ 36 ನಿಮಿಷ ಇರುವಾಗ ಅದು ಶುರುವಾಗುತ್ತದೆ. ಆ ಹೊತ್ತಿನ ಹಿರಿಮೆಯನ್ನು ಬಲ್ಲವರು ಹಲವು ಬಗೆಯಲ್ಲಿ ಹೇಳಿದ್ದಾರೆ. ನನ್ನ ಅನುಭವಕ್ಕೆ ಬಂದದ್ದು ಒಂದೇ: ಆಗ ಯಾರೂ ನನ್ನನ್ನು ಕರೆಯುವುದಿಲ್ಲ. ಕುಕ್ಕರು ಕೂಗುವುದಿಲ್ಲ, ಫೋನು ಬರುವುದಿಲ್ಲ. ಬೆರಳ ತುದಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಕೊಂಡು, ರಾತ್ರಿಯ ತಂಪಿಗೆ ಶ್ರುತಿ ತಪ್ಪಿದ ತಂತಿಯನ್ನು ಬಿರಡೆ ತಿರುಗಿಸಿ ಸರಿಮಾಡಿ, ಸಾರಣಿಯನ್ನು ಒಮ್ಮೆ ಮೀಟಿದರೆ ಆ ನಾದ ಕೊನೆಯವರೆಗೆ, ಗಾಳಿಯಲ್ಲಿ ಕರಗುವವರೆಗೆ ಕೇಳುತ್ತದೆ. ಹಗಲಲ್ಲಿ ಅದೇ ಮೀಟು ಅರ್ಧ ದಾರಿಯಲ್ಲೇ ಬೀದಿಯ ಸದ್ದಿಗೆ ಸೇರಿಹೋಗುತ್ತದೆ. ತಪ್ಪು ಕೂಡ ಬೆಳಗಿನಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಕಲಿಯುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ?

ಬೇಗ ಏಳುವುದನ್ನು ಹೊಗಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ ಎಂದು ನನಗೆ ಅನ್ನಿಸುತ್ತದೆ. ನಮ್ಮ ಅಮ್ಮಂದಿರು, ಅಜ್ಜಿಯರು ನಾಲ್ಕಕ್ಕೇ ಎದ್ದವರು. ಆದರೆ ಆ ಬೆಳಗು ಅವರದಾಗಿತ್ತೇ? ನೀರು, ಕಸ, ಕೊಟ್ಟಿಗೆ, ಒಲೆ, ಬೀಸುವ ಕಲ್ಲು. ಹಾಗಿದ್ದೂ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಆ ದುಡಿಮೆಯೊಳಗೇ ತಮಗೊಂದು ಜಾಗ ಮಾಡಿಕೊಂಡರು. ಹಿಟ್ಟು ಉದುರುವ ಸದ್ದಿನ ಮರೆಯಲ್ಲಿ ತವರನ್ನು ನೆನೆದರು, ಅಣ್ಣತಮ್ಮಂದಿರನ್ನು ಹರಸಿದರು, ನೋವನ್ನು ಮೂರು ಸಾಲಿನ ತ್ರಿಪದಿಯಲ್ಲಿ ಕಟ್ಟಿದರು. ಹಲಸಂಗಿಯ ಗೆಳೆಯರು ಅಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದಾಗ ಓದುಬಲ್ಲ ಕನ್ನಡಿಗರು ಬೆರಗಾದರು. ಕನ್ನಡದ ಅಷ್ಟೊಂದು ಕಾವ್ಯ ಮಬ್ಬುಗತ್ತಲಲ್ಲಿ, ಕೈಯಲ್ಲಿ ಗೂಟ ತಿರುಗುತ್ತಿರುವಾಗ ಹುಟ್ಟಿದ್ದು. ಹಾಡಿದವರ ಹೆಸರು ನಮಗೆ ಗೊತ್ತಿಲ್ಲ. ಅವರ ಕೈಗಳಿಗೆ ಅರ್ಧ ಗಂಟೆ ಬಿಡುವು ಸಿಕ್ಕಿದ್ದರೆ ಇನ್ನೆಷ್ಟು ಹಾಡು ಉಳಿಯುತ್ತಿತ್ತೋ ಎಂದು ನೆನೆದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಮೀಸಲು ಎನ್ನುವುದು ಇಟ್ಟವರೊಬ್ಬರಿಂದಲೇ ಆಗುವ ಕೆಲಸವಲ್ಲ. ಅಜ್ಜಿಯ ಬೆಣ್ಣೆ ಮೀಸಲಾಗಿ ಉಳಿದದ್ದು ಚಾಚಿದ ಕೈಗಳನ್ನು ನಾವು ಹಿಂದಕ್ಕೆ ತೆಗೆದುಕೊಂಡದ್ದರಿಂದಲೂ ಹೌದು. ನಾನು ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಕೇಳಿಕೊಂಡೆ: ಐದರಿಂದ ಐದೂವರೆ ನನ್ನನ್ನು ಯಾರೂ ಕರೆಯಬೇಡಿ, ಏನು ಬೇಕಾದರೂ ಆಮೇಲೆ ಕೇಳಿ. ನಮ್ಮ ಮನೆಯವರು ಮರುದಿನ ತಾವೇ ಎದ್ದು, ಸದ್ದಿಲ್ಲದೆ ಫಿಲ್ಟರಿಗೆ ಪುಡಿ ಹಾಕಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡರು. ನನ್ನ ಅಭ್ಯಾಸದ ಅರ್ಧ ಪಾಲು ಆ ಮುಂದೆ ಮಾಡಿದ ಬಾಗಿಲಿಗೆ ಸೇರಬೇಕು.

ಎಷ್ಟು ಹೊತ್ತು ಕೂರಬೇಕು ಎಂದು ಹಲವರು ಕೇಳುತ್ತಾರೆ. ಗದುಗಿನ ವೀರನಾರಾಯಣನ ಗುಡಿಗೆ ಹೋದವರು ಕುಮಾರವ್ಯಾಸನ ಕಂಬವನ್ನು ನೋಡಿರುತ್ತೀರಿ. ಕುಮಾರವ್ಯಾಸನೆಂದು ಹೆಸರಾದ ನಾರಣಪ್ಪ ಕೋನೇರಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಆ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವವರೆಗೆ ಭಾರತವನ್ನು ಬರೆಯುತ್ತಿದ್ದ, ಆರಿದ ಮೇಲೆ ಬರವಣಿಗೆ ನಿಲ್ಲಿಸುತ್ತಿದ್ದ ಎಂದು ಜನ ಹೇಳುತ್ತ ಬಂದಿದ್ದಾರೆ. ಭಕ್ತಿಯ ಕಥೆಯೆಂದು ನಾವು ಅದನ್ನು ಕೇಳಿಕೊಂಡು ಬಂದಿದ್ದೇವೆ. ನನಗೆ ಅದರಲ್ಲಿ ಅಭ್ಯಾಸದ ಒಂದು ಅಳತೆಯೂ ಕಾಣುತ್ತದೆ. ಒದ್ದೆ ಬಟ್ಟೆ ಆರಲು ಎಷ್ಟು ಹೊತ್ತು ಬೇಕು? ಹೆಚ್ಚೇನಲ್ಲ. ಕೂತಷ್ಟು ಹೊತ್ತು ಮನಸ್ಸು ಅಲ್ಲೇ, ಮುಗಿದ ಮೇಲೆ ಎದ್ದುಬಿಡಬೇಕು, ನಾಳೆ ಮತ್ತೆ ಮೀಯಬೇಕು. ಕರ್ಣಾಟ ಭಾರತ ಕಥಾಮಂಜರಿಯ ಹತ್ತು ಪರ್ವಗಳು, ಸಾವಿರಾರು ಭಾಮಿನಿ ಷಟ್ಪದಿಗಳು, ಹಾಗೆ ದಿನಕ್ಕೊಂದು ಒದ್ದೆ ಬಟ್ಟೆಯಷ್ಟು ಬೆಳೆದವು ಎಂದು ಊಹಿಸಿಕೊಂಡರೆ ನನ್ನ ಅರ್ಧ ಗಂಟೆಗೂ ಧೈರ್ಯ ಬರುತ್ತದೆ. ಮೊದಲ ವಾರ ಎರಡು ಗಂಟೆ ಕೂತು, ಎರಡನೆಯ ವಾರ ಬೆರಳು ಬಾತು ಬಿಟ್ಟುಬಿಟ್ಟವರನ್ನು ನಾನು ಕಂಡಿದ್ದೇನೆ.

ಬೆಳಗಿನ ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ಇದನ್ನು ಅಡುಗೆಮನೆ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಹೆಪ್ಪು ಹಾಕದೆ ಬೆಳಗ್ಗೆ ಮೊಸರು ಎಲ್ಲಿಂದ ಬರಬೇಕು? ನಾನು ಮಲಗುವ ಮುನ್ನ ಚಾಪೆ ಹಾಸಿ, ವೀಣೆಯನ್ನು ಗವಸಿನಿಂದ ತೆಗೆದು, ಪಾಠದ ಪುಸ್ತಕವನ್ನು ನಾಳೆಯ ಪುಟಕ್ಕೆ ತೆರೆದು ಇಡುತ್ತೇನೆ. ಫೋನನ್ನು ಬೇರೆ ಕೋಣೆಯಲ್ಲಿ ಬಿಡುತ್ತೇನೆ. ಒಂಬತ್ತೂವರೆಗೆ ದೀಪ ಆರುತ್ತದೆ. ನಿದ್ದೆಯನ್ನು ಕತ್ತರಿಸಿ ಬೆಳಗನ್ನು ಗಳಿಸಲು ಹೋಗಬೇಡಿ ಎಂದು ಕೈಮುಗಿದು ಕೇಳುತ್ತೇನೆ. ದೊಡ್ಡವರ ದೇಹಕ್ಕೆ ಏಳು ಗಂಟೆಯ ನಿದ್ದೆ ಬೇಕೇ ಬೇಕು. ಅದರಿಂದ ಕದ್ದ ಹೊತ್ತನ್ನು ದೇಹ ಬಡ್ಡಿ ಸಮೇತ ವಸೂಲು ಮಾಡುತ್ತದೆ.

ರಾತ್ರಿ ಪಾಳಿ ಮುಗಿಸಿ ಈಗ ಬಸ್ಸಿಗೆ ಕಾಯುತ್ತಿರುವ ನರ್ಸುಗಳು, ಬೆಳಕು ಹರಿಯುವ ಮುನ್ನವೇ ಪೊರಕೆ ಹಿಡಿದು ಬೀದಿಗಿಳಿದ ಪೌರಕಾರ್ಮಿಕರು ಈ ಮಾತು ಕೇಳುತ್ತಿರಬಹುದು. ನಿಮ್ಮ ಬೆಳಗನ್ನು ಊರು ಆಗಲೇ ತೆಗೆದುಕೊಂಡಿದೆ. ನಿಮಗೆ ಐದು ಗಂಟೆಯ ಮಾತು ಹೇಳುವ ಹಕ್ಕು ನನಗಿಲ್ಲ. ನಿದ್ದೆ ಮುಗಿಸಿ ಎದ್ದ ಹೊತ್ತು ಮಧ್ಯಾಹ್ನ ಮೂರಾದರೆ ನಿಮ್ಮ ಬೆಳಗು ಅದೇ, ಮೊದಲ ಅರ್ಧ ಗಂಟೆ ಅಲ್ಲೇ ಇದೆ.

ಇನ್ನು ತಪ್ಪಿಹೋದ ದಿನಗಳ ವಿಚಾರ. ನಮ್ಮಲ್ಲಿ ವ್ರತ ಹಿಡಿದರೆ ಒಂದು ಮಂಡಲ, 48 ದಿನ ಎನ್ನುತ್ತೇವೆ. ನಡುವೆ ತಪ್ಪಿದರೆ ಮೊದಲಿಂದ ಎಣಿಸಬೇಕು ಎಂಬ ಅಂಜಿಕೆಯೂ ಜೊತೆಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಮೇಲೆ ನಡೆಸಿದ ಒಂದು ಅಧ್ಯಯನವಿದೆ. ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಎಷ್ಟು ದಿನ ಬೇಕು ಎಂದು ಅವರು ನೋಡಿದರು. ನಡುಮಟ್ಟಕ್ಕೆ 66 ದಿನ ಎಂದು ಬಂತು. ಆದರೆ ಕೆಲವರಿಗೆ 18 ದಿನ ಸಾಕಾಗುವ ಹಾಗೆ, ಕೆಲವರಿಗೆ 254 ದಿನ ಹಿಡಿಯುವ ಹಾಗೆ ಅಂತರ ಇತ್ತು. ನಡುವೆ ಒಂದು ದಿನ ತಪ್ಪಿದರೆ ಕಟ್ಟಿದ್ದು ಕುಸಿಯುವುದಿಲ್ಲ ಎಂಬುದೂ ಅದರಲ್ಲಿ ಕಂಡಿತು. ಪಕ್ಕದ ಮನೆಯವರಿಗೆ ಮೂರು ವಾರದಲ್ಲಿ ಒಗ್ಗಿದ್ದು ನಮಗೆ ಎಂಟು ತಿಂಗಳಾದರೂ ಒಗ್ಗದಿದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನನಗೆ ತಪ್ಪಿದ್ದು ಒಂದು ದಿನವಲ್ಲ, 19 ದಿನ. ಅಮ್ಮನಿಗೆ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿತ್ತು. ರಾತ್ರಿಯೆಲ್ಲ ಪಕ್ಕದಲ್ಲಿ ಕೂತು, ಬೆಳಗ್ಗೆ ಕಣ್ಣು ಬಿಡಲಾಗದೆ, ವೀಣೆ ಮತ್ತೆ ಗವಸು ಸೇರಿತು. ಅಮ್ಮ ಚೇತರಿಸಿಕೊಂಡ ಮೇಲೆ ಮೇಷ್ಟ್ರ ಮುಂದೆ ಕೂತು ಬೆರಳು ತೋರಿಸಿದೆ. ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ತಂತಿ ಕೊರೆದು ಮೂಡಿದ್ದ ಕಪ್ಪು ಗೆರೆ ಆಗಲೇ ಮಾಸತೊಡಗಿತ್ತು. "ಬಿಟ್ಟ ದಿನಗಳ ಬಾಕಿ ತೀರಿಸೋಕೆ ಹೋಗಬೇಡಿ. ನಾಳೆ ಬೆಳಗ್ಗೆ ಮಾಯಾಮಾಳವಗೌಳದ ಮೊದಲನೇ ಸರಳೆ, ಒಂದನೇ ಕಾಲ. ಅಷ್ಟೇ ನುಡಿಸಿ ಎದ್ದುಬಿಡಿ" ಎಂದರು. ಐದು ವರ್ಷದ ಮಕ್ಕಳು ಕಲಿಯುವ ಪಾಠ ಅದು. ಆ ಬೆಳಗ್ಗೆ ಅದನ್ನು ನುಡಿಸುವಾಗ ನನ್ನ ಕಣ್ಣಲ್ಲಿ ನೀರಿತ್ತು.

ಆಮೇಲೆ ಸುಮಾರು ಒಂದು ತಿಂಗಳಾಗಿರಬೇಕು. ಚಳಿಯ ದಿನ, ಮೆಟ್ಟಿಲುಗಳು ಮುಟ್ಟಿದರೆ ಮಂಜಿನಂತಿದ್ದವು. ಮೂರನೇ ಕಾಲಕ್ಕೆ ಹೋದಾಗ ಕೈ ತಡವರಿಸುತ್ತಿತ್ತು. ಒಳಕೋಣೆಯಿಂದ ಅಮ್ಮನ ದನಿ ಬಂತು: "ಗಾಂಧಾರ ಇಳೀತಿದೆ ಕಣೆ. ಬೆರಳನ್ನ ಮೆಟ್ಟಿಲಿಗೆ ಅಂಟಿಸಿ ಒತ್ತು."

ನಾನು ಹಾಗೇ ಕೂತುಬಿಟ್ಟೆ. ಅಮ್ಮನಿಗೆ 74 ವರ್ಷ. ಮದುವೆಯಾದ ಮೇಲೆ ಒಂದು ದಿನವೂ ವೀಣೆ ಮುಟ್ಟಿದವಳಲ್ಲ, ಅದರ ಮಾತೂ ಆಡಿದವಳಲ್ಲ. ಅವಳ ಬೆಳಗುಗಳಿಗೆ ಬಾಗಿಲು ಮುಂದೆ ಮಾಡಿಕೊಡುವವರು ಯಾರೂ ಇರಲಿಲ್ಲ. ಚಾಚಿದ ಕೈಗಳಲ್ಲಿ ನನ್ನದೂ ಒಂದಿತ್ತು.

ಗೋಡೆ ಹಿಡಿದುಕೊಂಡು ಎದ್ದು ಬಂದಳು. ಶಾಲು ಹೊದ್ದು ಪಕ್ಕದ ಕುರ್ಚಿಯಲ್ಲಿ ಕೂತಳು. "ನೀನೇ ನುಡಿಸಮ್ಮ" ಎಂದು ಜರುಗಿದರೆ, "ಇವತ್ತು ಬೇಡ, ನೀನು ಶುರುಮಾಡು" ಎಂದಳು. ಶುರುಮಾಡಿದೆ. ಅಮ್ಮನ ಬಲಗೈ ತೊಡೆಯ ಮೇಲೆ ಆದಿತಾಳ ಹಿಡಿಯಿತು. ಒಂದು ಪೆಟ್ಟು, ಮೂರು ಬೆರಳೆಣಿಕೆ. ಪೆಟ್ಟು, ಬೀಸು. ಪೆಟ್ಟು, ಬೀಸು. ಹಾಲಿನ ಹುಡುಗ ಬಂದು ಗೇಟು ಸರಿಸಿದ ಸದ್ದಾಯಿತು. ಇಬ್ಬರೂ ಏಳಲಿಲ್ಲ.