ನಮ್ಮ ಕಬ್ಬು, ನಮ್ಮ ಹಳೆಯ ಗಾಡಿ



ಕಬ್ಬು ನುರಿಸುವ ಹಂಗಾಮು ಬಂತೆಂದರೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ಈ ಭಾಗದ ರಸ್ತೆಗಳ ತುಂಬ ಕಬ್ಬಿನ ಟ್ರ್ಯಾಕ್ಟರುಗಳೇ. ಹಿಂದೆ ಕಬ್ಬು ಎಂದರೆ ಸಕ್ಕರೆ, ಇಲ್ಲವೇ ಬೆಲ್ಲ. ಉಳಿದ ಕಾಕಂಬಿ, ಅಂದರೆ ಮರಾಠಿಯಲ್ಲಿ ನಾವು ಮಳಿ ಎನ್ನುವುದು, ಭಟ್ಟಿಗೆ ಹೋಗುತ್ತಿತ್ತು. ಈಗ ಅದೇ ಕಾಕಂಬಿಯಿಂದ, ಕಬ್ಬಿನ ಹಾಲಿನಿಂದ, ಜೊತೆಗೆ ಗೋವಿನಜೋಳ ಮತ್ತು ನುಚ್ಚಕ್ಕಿಯಿಂದಲೂ ಎಥೆನಾಲ್ ತಯಾರಾಗಿ ಪೆಟ್ರೋಲಿಗೆ ಸೇರುತ್ತಿದೆ. ನೀವು ಪಂಪಿನಲ್ಲಿ ಐದು ಲೀಟರ್ ಹಾಕಿಸಿದರೆ ಅದರಲ್ಲಿ ಸುಮಾರು ಒಂದು ಲೀಟರ್ ಎಥೆನಾಲ್ ಇರುತ್ತದೆ.

ಹೊಸ ಗಾಡಿಗಳನ್ನು ಇದಕ್ಕೆಂದೇ ಸಿದ್ಧಮಾಡಿ ಮಾರುತ್ತಿದ್ದಾರೆ. ಆದರೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಹಳೆಯ ಮಾರುತಿ 800, ಹಳೆಯ ಓಮ್ನಿ, ಅಲ್ಲೊಂದು ಇಲ್ಲೊಂದು ಪ್ರೀಮಿಯರ್ ಪದ್ಮಿನಿ ಓಡುತ್ತಿವೆ. ಮದುವೆಗೆ ಅದೇ, ರಾತ್ರಿ ದವಾಖಾನೆಗೆ ಹೋಗಲು ಅದೇ. ಅಂಥ ಗಾಡಿ ಇಟ್ಟುಕೊಂಡವರು ಏನು ಎಚ್ಚರ ವಹಿಸಬೇಕು ಎಂಬುದೇ ಈ ಹೊತ್ತಿನ ಮಾತು.

ಪೆಟ್ರೋಲಿಗೆ ಮದ್ಯಸಾರ ಬೆರೆಸುವ ವಿಚಾರ ಹೊಸದೇನಲ್ಲ. 1948ರಲ್ಲೇ ನಮ್ಮ ದೇಶದಲ್ಲಿ ಪವರ್ ಆಲ್ಕೊಹಾಲ್ ಕಾಯ್ದೆ ಬಂದಿತ್ತು. ಈಗಿನ ಪ್ರಯತ್ನದ ಮೊದಲ ಪ್ರಯೋಗಗಳು ನಡೆದದ್ದು 2001ರಲ್ಲಿ, ಉತ್ತರ ಪ್ರದೇಶದ ಬರೇಲಿಯಲ್ಲಿ, ಮಹಾರಾಷ್ಟ್ರದ ಮನ್ಮಾಡದಲ್ಲಿ ಮತ್ತು ನಮ್ಮ ಮಗ್ಗುಲ ಮಿರಜದಲ್ಲಿ. 2003ರ ಜನವರಿಯಿಂದ ಮಹಾರಾಷ್ಟ್ರ, ಕರ್ನಾಟಕ ಸೇರಿ ಒಂಬತ್ತು ರಾಜ್ಯಗಳಲ್ಲಿ ನೂರಕ್ಕೆ 5ರಷ್ಟು ಬೆರೆಸಬೇಕೆಂದು ಆಜ್ಞೆಯಾಯಿತು. ಕೆಲಸ ಬಹಳ ವರ್ಷ ಕುಂಟುತ್ತ ಸಾಗಿತು. 2022ರ ಜೂನ್ ಹೊತ್ತಿಗೆ ದೇಶದ ಸರಾಸರಿ ನೂರಕ್ಕೆ 10 ತಲುಪಿತು. 2023ರ ಫೆಬ್ರವರಿಯಲ್ಲಿ ನೂರಕ್ಕೆ 20ರ ಪೆಟ್ರೋಲು ಮಾರಾಟಕ್ಕೆ ಬಂತು. 2025ರಲ್ಲಿ ಅದೇ ಎಲ್ಲೆಡೆಯ ಸಾಮಾನ್ಯ ಪೆಟ್ರೋಲಾಯಿತು. ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಪಂಪುಗಳಲ್ಲಿ ಇಡಬೇಕೆಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಆದ್ದರಿಂದ ಹಳೆಯ ಗಾಡಿಯವರು ಈ ಪೆಟ್ರೋಲಿನ ಜೊತೆ ಬಾಳುವುದನ್ನು ಕಲಿಯಬೇಕಾಗಿದೆ.

ಮೊದಲು ಮೈಲೇಜಿನ ಮಾತು. ಒಂದು ಲೀಟರ್ ಎಥೆನಾಲಿನಲ್ಲಿ ಇರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ನೀತಿ ಆಯೋಗ 2021ರಲ್ಲಿ ಹೊರತಂದ ವರದಿಯಲ್ಲೇ, ಶುದ್ಧ ಪೆಟ್ರೋಲಿಗೆಂದು ತಯಾರಾದ ನಾಲ್ಕು ಗಾಲಿಯ ಗಾಡಿಗಳಿಗೆ ನೂರಕ್ಕೆ 6ರಿಂದ 7ರಷ್ಟು, ಎರಡು ಗಾಲಿಯವಕ್ಕೆ 3ರಿಂದ 4ರಷ್ಟು ಮೈಲೇಜು ಕಡಿಮೆಯಾಗುವ ಅಂದಾಜು ಕೊಟ್ಟಿದ್ದಾರೆ. ಅಂದರೆ ಶುದ್ಧ ಪೆಟ್ರೋಲಿನಲ್ಲಿ ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದ ಕಾರು ಈಗ 14 ಕೊಡಬಹುದು. ಇಷ್ಟಕ್ಕೆ ಇಂಜಿನ್ ಕೆಟ್ಟಿತೆಂದು ಬಿಚ್ಚಿಸಲು ಹೋಗಬೇಡಿ. ಲೀಟರಿಗೆ ಎರಡು ಮೂರು ಕಿಲೋಮೀಟರ್ ಇಳಿದಿದ್ದರೆ ಮಾತ್ರ ಕಾರಣ ಬೇರೆ ಇದೆ ಎಂದು ತಿಳಿಯಿರಿ.

ಎರಡನೆಯದು ಗಾಳಿಯ ಲೆಕ್ಕ. ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಕಿಲೋ ಎಥೆನಾಲಿಗೆ ಸುಮಾರು 9 ಕಿಲೋ ಸಾಕು, ಏಕೆಂದರೆ ಎಥೆನಾಲಿನೊಳಗೇ ಆಮ್ಲಜನಕ ಇದೆ. ಫ್ಯೂಯಲ್ ಇಂಜೆಕ್ಷನ್ ಇರುವ ಈಚಿನ ಗಾಡಿಗಳಲ್ಲಿ ಹೊಗೆ ಹೋಗುವ ಕೊಳವೆಯಲ್ಲಿನ ಸೆನ್ಸರ್ ಇದನ್ನು ಅರಿತು ತೈಲವನ್ನು ಸ್ವಲ್ಪ ಹೆಚ್ಚಿಸುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಅದರ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಒಲೆಗೆ ಉರುವಲು ಕಡಿಮೆ, ಗಾಳಿ ಹೆಚ್ಚಾದಂತೆ. ಬೆಳಿಗ್ಗೆ ಗಾಡಿ ಬೇಗ ಚಾಲೂ ಆಗದಿರುವುದು, ಏರಿನಲ್ಲಿ ಎಳೆತ ಸಾಲದಿರುವುದು, ನಿಲ್ಲಿಸಿದಾಗ ಇಂಜಿನ್ ತಾನೇ ಬಂದಾಗುವುದು ಇದರ ಲಕ್ಷಣಗಳು. ತಿಳಿದ ಮಿಸ್ತ್ರಿಯಿಂದ ಕಾರ್ಬುರೇಟರ್ ತೊಳೆಸಿ, ಮಿಶ್ರಣವನ್ನು ತುಸು ದಟ್ಟವಾಗಿ ಹೊಂದಿಸಿಕೊಳ್ಳಿ. ಬಳಿಕ ಹೊಗೆ ತಪಾಸಣೆ ಮಾಡಿಸಿಕೊಂಡರೆ ಅತಿಯಾಯಿತೋ ಇಲ್ಲವೋ ಗೊತ್ತಾಗುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಇದರಲ್ಲಿ ಜೀವದ ಪ್ರಶ್ನೆ ಇದೆ. ಹಳೆಯ ಗಾಡಿಗಳ ಪೆಟ್ರೋಲ್ ಪೈಪು, ವಾಷರು, ಪಂಪಿನ ಡಯಾಫ್ರಾಮು ಎಥೆನಾಲನ್ನು ಲೆಕ್ಕಕ್ಕೆ ಹಿಡಿದು ಮಾಡಿದವಲ್ಲ. ಎಥೆನಾಲ್ ತಾಗಿ ಹಳೆಯ ರಬ್ಬರು ಉಬ್ಬುತ್ತದೆ, ಮೆತ್ತಗಾಗುತ್ತದೆ, ಒಣಗಿದಾಗ ಬಿರಿಯುತ್ತದೆ. ಬಿರಿದ ಪೈಪಿನಿಂದ ಕಾದ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿ ಹೊತ್ತಲು ತಡವಿಲ್ಲ. ಕೈಯಿಂದ ಅಮುಕಿ ನೋಡಿ: ಪೈಪು ಅಂಟಂಟಾಗಿದ್ದರೆ, ಉಬ್ಬಿದ್ದರೆ, ಮಡಿಸಿದ ಕಡೆ ಗೀರು ಕಂಡರೆ ಬದಲಾಯಿಸಿ. ಅಂಗಡಿಯಲ್ಲಿ ಬರೀ ಪೆಟ್ರೋಲ್ ಪೈಪು ಎಂದು ಕೇಳಬೇಡಿ. ಎಥೆನಾಲ್ ತಡೆಯುವ, ಇಂಜೆಕ್ಷನ್ ಗಾಡಿಗೆ ಹಾಕುವ ಪೈಪು ಬೇಕೆಂದು ಕೇಳಿ. ಕಾರ್ಬುರೇಟರಿನ ವಾಷರುಗಳ ಕಿಟ್ಟನ್ನೂ ಅದರ ಜೊತೆಯಲ್ಲೇ ಹಾಕಿಸಿಬಿಡಿ. ಇಡೀ ಗಾಡಿಯ ಬೆಲೆಯ ಮುಂದೆ ಇದು ಸಣ್ಣ ಖರ್ಚು. ಗಾಡಿಯೊಳಗೆ ಪೆಟ್ರೋಲ್ ವಾಸನೆ ಬಂದರೆ, ಸೋರುವ ಜಾಗ ಸಿಗುವವರೆಗೆ ಕೀಲಿ ತಿರುಗಿಸಲೇಬೇಡಿ.

ಎಥೆನಾಲಿಗೆ ತೊಳೆಯುವ ಗುಣವೂ ಇದೆ. ಟ್ಯಾಂಕಿನಲ್ಲಿ ವರ್ಷಗಳಿಂದ ಕೂತ ಕೊಳೆ, ಜಂಗು ಎದ್ದು ಫಿಲ್ಟರಿಗೆ ಬಂದು ಕಟ್ಟಿಕೊಳ್ಳುತ್ತದೆ. ಬಹಳ ದಿನ ನಿಂತ ಗಾಡಿಯನ್ನು ಮತ್ತೆ ಓಡಿಸುವವರು ನಾಲ್ಕೈದು ಸಲ ಪೆಟ್ರೋಲ್ ತುಂಬಿಸಿದ ಮೇಲೆ ಫಿಲ್ಟರ್ ಬದಲಾಯಿಸುವುದು ಒಳ್ಳೆಯದು.

ಇನ್ನು ನೀರಿನ ವಿಷಯ. ಪೆಟ್ರೋಲು ನೀರಿನೊಡನೆ ಬೆರೆಯದು, ಎಥೆನಾಲು ಬೆರೆಯುತ್ತದೆ. ಮಿತಿ ಮೀರಿ ನೀರು ಸೇರಿದಾಗ ಎಥೆನಾಲು ಪೆಟ್ರೋಲಿನ ಸಂಗ ಬಿಟ್ಟು, ನೀರನ್ನು ಕಟ್ಟಿಕೊಂಡು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಇಂಜಿನ್ ಹೀರುವುದು ತಳದಿಂದಲೇ. ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ, ತಗಡಿನ ಟ್ಯಾಂಕು ಒಳಗಿನಿಂದ ಜಂಗು ಹಿಡಿಯುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಟ್ಯಾಂಕಿನ ಮುಚ್ಚಳದ ರಬ್ಬರನ್ನು ನೋಡಿಕೊಳ್ಳಿ. ವಾರಗಟ್ಟಲೆ ಗಾಡಿ ನಿಲ್ಲಿಸುವುದಿದ್ದರೆ ಅರ್ಧ ಟ್ಯಾಂಕಿನಲ್ಲಿ ಬಿಡಬೇಡಿ. ಒಳಗೆ ಗಾಳಿಗೆ ಜಾಗ ಹೆಚ್ಚಾದಷ್ಟೂ ತೇವ ಹೆಚ್ಚು ಕೂಡುತ್ತದೆ.

ರೈತ ಬಾಂಧವರು ಇನ್ನೊಂದು ಮಾತು ನೆನಪಿಡಬೇಕು. ಔಷಧ ಹೊಡೆಯುವ ಪೆಟ್ರೋಲ್ ಪಂಪು, ಹುಲ್ಲು ಕತ್ತರಿಸುವ ಯಂತ್ರ ಇವಕ್ಕೂ ಇದೇ ಪೆಟ್ರೋಲು. ಹಂಗಾಮು ಮುಗಿದ ಮೇಲೆ ಅವುಗಳನ್ನು ಪೆಟ್ರೋಲ್ ಸಮೇತ ಮೂಲೆಗೆ ಇಟ್ಟರೆ ಮುಂದಿನ ವರ್ಷ ಕಾರ್ಬುರೇಟರ್ ಕಟ್ಟಿಕೊಂಡಿರುತ್ತದೆ. ಟ್ಯಾಂಕು ಬರಿದುಮಾಡಿ, ಇಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ, ಆಮೇಲೆ ಇಡಿ.

ಕೆಲವರು ಒಂದು ಉಪಾಯ ಹೇಳುತ್ತಾರೆ: ಪೆಟ್ರೋಲಿಗೆ ನೀರು ಹಾಕಿ ಕಲಕಿದರೆ ಎಥೆನಾಲು ಕೆಳಗಿಳಿಯುತ್ತದೆ, ಮೇಲಿನ ಪೆಟ್ರೋಲನ್ನು ಬಸಿದುಕೊಳ್ಳಬಹುದು ಎಂದು. ದಯವಿಟ್ಟು ಮಾಡಬೇಡಿ. ಪೆಟ್ರೋಲಿನ ಆಕ್ಟೇನ್ ಗುಣವನ್ನು ಎತ್ತುವುದರಲ್ಲಿ ಎಥೆನಾಲಿನ ಪಾಲು ದೊಡ್ಡದು. ಅದನ್ನು ತೆಗೆದರೆ ಉಳಿದದ್ದು ಕಳಪೆ ಪೆಟ್ರೋಲು. ಇಂಜಿನ್ ಟಕಟಕ ಬಡಿಯುತ್ತದೆ. ಮನೆಯಂಗಳದಲ್ಲಿ ಬಕೆಟಿನ ತುಂಬ ಪೆಟ್ರೋಲ್ ತೆರೆದಿಡುವುದಂತೂ ಬೆಂಕಿಯನ್ನು ಮನೆಗೆ ಕರೆದಂತೆ. ಹಾಗೆಯೇ, ಹೆಚ್ಚು ಬೆಲೆಯ 'ಪವರ್' ಪೆಟ್ರೋಲು ಎಂಬ ಹೆಸರಿದ್ದ ಮಾತ್ರಕ್ಕೆ ಅದರಲ್ಲಿ ಎಥೆನಾಲ್ ಇಲ್ಲವೆಂದು ತಿಳಿಯಬೇಡಿ. ಕೇಳಿ ತಿಳಿದು ಹಾಕಿಸಿ.

ನಿಮ್ಮ ಗಾಡಿ ಎಷ್ಟಕ್ಕೆ ತಯಾರಾಗಿದೆ ಎಂದು ಅರಿಯಲು ಗಾಡಿಯ ಜೊತೆ ಬಂದ ಪುಸ್ತಕ ತೆಗೆಯಿರಿ, ಟ್ಯಾಂಕಿನ ಮುಚ್ಚಳದ ಬಳಿಯ ಚೀಟಿ ನೋಡಿ. ಇ5, ಇ10, ಇ20 ಎಂಬ ಗುರುತಿನಲ್ಲಿ ಅಂಕಿ ಎಥೆನಾಲಿನ ಪಾಲನ್ನು ಹೇಳುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಿ. ಮಿಸ್ತ್ರಿಗೆ ಮರಾಠಿಯಲ್ಲಿ ಹೇಳಿ, ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸಿ. ಗಾಡಿ ಓಡಿಸುವ ಎಲ್ಲರಿಗೂ ವಿಷಯ ಗೊತ್ತಿರಲಿ.

ಬಾಂಧವರೇ, ಎಥೆನಾಲಿನಿಂದ ಕಬ್ಬಿಗೆ ಇನ್ನೊಂದು ಗಿರಾಕಿ ಸಿಕ್ಕಿದೆ, ಹೊರದೇಶದ ಎಣ್ಣೆಯ ಖರ್ಚು ಸ್ವಲ್ಪ ತಗ್ಗುತ್ತದೆ. ಇದು ಸಂತೋಷದ ವಿಷಯವೇ. ಆದರೆ ಕಬ್ಬು ಬೆಳೆದವನೇ ಹಳೆಯ ಗಾಡಿ ಓಡಿಸುವವನೂ ಹೌದು. ಕಾರ್ಖಾನೆಯಿಂದ ಬಂದ ಬಿಲ್ಲು ಗ್ಯಾರೇಜಿಗೆ ಹೋಗದಿರಬೇಕಾದರೆ ಪೈಪು, ಫಿಲ್ಟರು, ಮುಚ್ಚಳ ಈ ಮೂರನ್ನು ಮಳೆಗಾಲಕ್ಕೆ ಮುಂಚೆಯೇ ಒಮ್ಮೆ ನೋಡಿಸಿಕೊಳ್ಳಿ.