ಸಿತಾರ್ ವಾದನವನ್ನು ಕೇಳುವ ಬಗೆ



ನಮ್ಮಲ್ಲಿ ಬಹುಮಂದಿ ಕೃತಿಗಳನ್ನು ಕೇಳಿ ಬೆಳೆದವರು. ಪಲ್ಲವಿಯನ್ನೆತ್ತಿ ಮೃದಂಗವು ಸೇರಿದ ಹೊರತು ಕಚೇರಿಯು ಮೊದಲಾಯಿತೆಂದು ನಮ್ಮ ಮನಸ್ಸು ಒಪ್ಪದು. ಇಂತಹ ಕಿವಿಗೆ ಹಿಂದೂಸ್ತಾನಿ ಪದ್ಧತಿಯ ಸಿತಾರ್ ವಾದನವು ಮೊದಮೊದಲು ಬೇಸರವನ್ನು ತರುವುದುಂಟು. ಈ ವಾದ್ಯವು ಮೈಸೂರಿಗೆ ಅಪರಿಚಿತವೇನಲ್ಲ; 1940ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನದಲ್ಲಿ ಬರ್ಕತುಲ್ಲಾ ಖಾನರು ಸಿತಾರ್ ವಿದ್ವಾಂಸರಾಗಿದ್ದರು. ಆದರೂ ಕೇಳುವ ಅಭ್ಯಾಸವು ನಮಗೆ ಸಾಲದು.

ನನ್ನ ತಪ್ಪನ್ನೇ ಹೇಳುತ್ತೇನೆ. ವಿದ್ಯಾರ್ಥಿದೆಶೆಯಲ್ಲಿ ತಂದೆಯವರೊಡನೆ ಇಂತಹ ಒಂದು ಕಚೇರಿಗೆ ಹೋಗಿದ್ದೆನು. ವಾದಕರು ಯಮನ್ ರಾಗವನ್ನು ಹಿಡಿದರು. ಕಾಲು ಗಂಟೆ ಕಳೆದರೂ ಮಂದ್ರದ ನಾಲ್ಕಾರು ಸ್ವರಗಳನ್ನು ದಾಟಲಿಲ್ಲ. ತಬಲದವರು ಸುಮ್ಮನೆ ಕುಳಿತಿದ್ದರು. "ಇನ್ನೂ ಶ್ರುತಿ ಮಾಡುತ್ತಿದ್ದಾರೆಯೇ?" ಎಂದು ತಂದೆಯವರನ್ನು ಕೇಳಿ, ಉತ್ತರಕ್ಕೂ ಕಾಯದೆ ಎದ್ದು ಬಂದೆನು. ಅವರು ಮನೆಗೆ ಬಂದದ್ದು ನಡುರಾತ್ರಿಯಲ್ಲಿ. ಊಟದ ಮಾತನ್ನೂ ಆಡದೆ ತಮ್ಮ ವೀಣೆಯನ್ನು ತೆಗೆದು, ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದೆಳೆದು ನೋಡುತ್ತ ಕುಳಿತರು.

ಅವರು ಅರಸುತ್ತಿದ್ದುದು ಏನೆಂಬುದು ನನಗೆ ತಿಳಿಯಲು ವರ್ಷಗಳೇ ಹಿಡಿದವು. ಗಾಯಕನು ಉಸಿರಿರುವ ತನಕ ಸ್ವರವನ್ನು ನಿಲ್ಲಿಸಬಲ್ಲನು. ಮೀಟಿದ ತಂತಿಯ ನಾದವಾದರೋ ಹುಟ್ಟಿದೊಡನೆಯೇ ಕ್ಷೀಣಿಸತೊಡಗುವುದು. ಅದು ಅಡಗುವುದರೊಳಗಾಗಿ ಎಡಗೈ ಬೆರಳು ತಂತಿಯನ್ನು ಪಕ್ಕಕ್ಕೆ ಸೆಳೆದು, ಒಂದೇ ಮೀಟಿನಲ್ಲಿ ಸ್ವರದಿಂದ ಸ್ವರಕ್ಕೆ ನಡೆಯಿಸಬೇಕು. ಇದೇ ಮೀಂಡ್. ನಮ್ಮ ವೀಣೆಯ 24 ಮೆಟ್ಟಿಲುಗಳು ಮೇಣದಲ್ಲಿ ನೆಟ್ಟವು. ಸಿತಾರಿನವು ಬಾಗಿದ ಲೋಹದವು, ದಾರದಿಂದ ಕಟ್ಟಿ ಸರಿಸಬಹುದಾದವು. ಅಲ್ಲಿ ಒಂದೇ ಮೆಟ್ಟಿಲಿನ ಮೇಲೆ ನಾಲ್ಕೈದು ಸ್ವರಗಳ ದೂರವನ್ನು ಎಳೆಯುವುದುಂಟು. ಕೆಳಗೆ ತರಬ್ ಎಂಬ ತಂತಿಗಳಿವೆ. ತಮ್ಮ ಸ್ವರವು ಮೇಲೆ ನುಡಿದಾಗ ಇವು ಯಾರೂ ಮುಟ್ಟದೆಯೇ ಅನುರಣಿಸುತ್ತವೆ. ಆದುದರಿಂದ ಎರಡು ಮೀಟುಗಳ ನಡುವಣ ಮೌನವು ಬರಿದಲ್ಲ; ಆಲಾಪದ ಅರ್ಧಭಾಗವು ಅಲ್ಲಿಯೇ ಇದೆ.

ಯಮನ್ ನಮ್ಮ ಕಲ್ಯಾಣಿಗೆ ಸಮೀಪದ ರಾಗ. ಆದರೆ ಆರೋಹಣದಲ್ಲಿ ಷಡ್ಜಪಂಚಮಗಳನ್ನು ಹಲವು ವೇಳೆ ಬಿಟ್ಟು, ನಿಷಾದದಿಂದ ರಿಷಭಕ್ಕೂ ತೀವ್ರಮಧ್ಯಮದಿಂದ ಧೈವತಕ್ಕೂ ಹೋಗುವುದು ಅದರ ನಡೆ. ವಾದಕನು ಷಡ್ಜದ ಸುತ್ತ ಸುಳಿದು, ನಮ್ಮನ್ನು ಕಾಯಿಸಿ, ಕೊನೆಗೆ ಅಲ್ಲಿಗೆ ಬಂದು ನಿಲ್ಲುವನು. ಕಾದವನಿಗೆ ಮಾತ್ರ ಆ ಷಡ್ಜವು ಮನೆಗೆ ಬಂದಂತೆ ತೋರುವುದು.

ಬಳಿಕ ಜೋಡ್‌ನಲ್ಲಿ ಲಯವು ಮೂಡುವುದು. ಝಾಲಾದಲ್ಲಿ ಚಿಕಾರಿ ತಂತಿಗಳ ಮೇಲೆ ಮೀಟು ಮಳೆಗರೆಯುವುದು. ತಬಲವು ಸೇರುವುದು ಅನಂತರದ ಗತ್‌ನಲ್ಲಿ. ವಿಲಂಬಿತದ ಮಸೀತ್‌ಖಾನಿ ಗತ್ತು 16 ಮಾತ್ರೆಯ ತೀನ್‌ತಾಳದಲ್ಲಿ ವಾಡಿಕೆಯಾಗಿ 12ನೆಯ ಮಾತ್ರೆಯಿಂದ ಹೊರಟು ಸಮಕ್ಕೆ ಬರುವುದು; ರಜಾಖಾನಿಯು ದ್ರುತಗತಿಯದು. ಇವು ಯಾರನ್ನಾದರೂ ಕುಣಿಸಬಲ್ಲವು. ಆದರೆ ರಾಗದ ಪರಿಚಯವಾಗುವುದು ಆ ಮೊದಲಿನ ಏಕಾಂತದಲ್ಲಿ.

ತಂದೆಯವರು ಈಗಿಲ್ಲ. ಆ ರಾತ್ರಿ ಷಡ್ಜವು ಹೇಗೆ ಬಂದಿತೆಂದು ನಾನು ಅವರನ್ನು ಕೇಳಲೇ ಇಲ್ಲ. ನೀವು ಎದ್ದುಹೋಗಬೇಡಿರಿ, ಮೊದಲ ಅರ್ಧ ಗಂಟೆ ಕುಳಿತಿರಿ ಎಂದು ವಿಜ್ಞಾಪಿಸಿ ವಿರಮಿಸುತ್ತೇನೆ.