ಬೋರ್ಡು ಬದಲಾದ ಔಷಧಿ ಅಂಗಡಿಗಳು



ನಮ್ಮ ಬೀದಿಯ ಮೆಡಿಕಲ್ ಅಂಗಡಿಗೆ ನಾವು ಹೋಗುವುದು ಔಷಧಿಗೆ ಮಾತ್ರ. ಡಾಕ್ಟರ ಚೀಟಿ ಕೊಟ್ಟು, ಮಾತ್ರೆ ತೆಗೆದುಕೊಂಡು, ನಿಂತ ಕಾಲಲ್ಲೇ ವಾಪಸು ಬರುತ್ತೇವೆ. ಅಮೆರಿಕದ ಹಳೆಯ ಡ್ರಗ್‌ಸ್ಟೋರ್ ಹಾಗಿರಲಿಲ್ಲ. ಹಿಂಬದಿಯಲ್ಲಿ ಮಾತ್ರೆ ಎಣಿಸುವ ಫಾರ್ಮಾಸಿಸ್ಟ್, ನಡುವೆ ಸೋಪು, ಆಟಿಕೆ, ಕ್ಯಾಮೆರಾದ ರೀಲು. ಒಂದು ಗೋಡೆಗುಂಟ ಉದ್ದನೆಯ ಕೌಂಟರ್, ಅದರ ಮುಂದೆ ಗಿರಗಿರ ತಿರುಗುವ ಸ್ಟೂಲುಗಳು. ಅಲ್ಲಿ ಐಸ್‌ಕ್ರೀಂ ಸೋಡಾ, ಸ್ಯಾಂಡ್‌ವಿಚ್, ಕಾಫಿ. ಊರಿನವರು ಕೂತು ಮಾತಾಡಿ ಹೋಗುವ ಜಾಗ ಅದು.

ಒಂದೊಂದು ಸೀಮೆಗೂ ಅದರದೇ ಹೆಸರಿನ ಅಂಗಡಿಗಳಿದ್ದವು. ವಾಷಿಂಗ್ಟನ್ ನಗರದಲ್ಲಿ 1905ರಲ್ಲಿ ಶುರುವಾದ ಪೀಪಲ್ಸ್ ಡ್ರಗ್. ಪಿಟ್ಸ್‌ಬರ್ಗ್ ಕಡೆ ಥ್ರಿಫ್ಟ್ ಡ್ರಗ್, ಫ್ಲೋರಿಡಾದಲ್ಲಿ ಎಕರ್ಡ್, ಒಹಾಯೊದಲ್ಲಿ ರೆವ್ಕೊ. ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಅಣ್ಣತಮ್ಮಂದಿರಿಬ್ಬರು 1938ರಲ್ಲಿ ತೆರೆದ ಲಾಂಗ್ಸ್. ಕಾನ್ಸಾಸ್ ಸಿಟಿಯಲ್ಲಿ ಕ್ಯಾಟ್ಜ್. ಅದರ ಬೋರ್ಡಿನ ಮೇಲೆ ಬೆಕ್ಕಿನ ಮುಖ.

ಈ ಕ್ಯಾಟ್ಜ್ ಅಂಗಡಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1958ರ ಆಗಸ್ಟ್ 19. ಒಕ್ಲಹೋಮ ಸಿಟಿಯಲ್ಲಿ ಇತಿಹಾಸ ಕಲಿಸುತ್ತಿದ್ದ ಕ್ಲಾರಾ ಲೂಪರ್ ಎಂಬ ಶಿಕ್ಷಕಿ, 13 ಮಂದಿ ಕಪ್ಪು ಮಕ್ಕಳ ಜೊತೆ ಆ ಊರಿನ ಕ್ಯಾಟ್ಜ್ ಅಂಗಡಿಯೊಳಗೆ ಕಾಲಿಟ್ಟರು. ಔಷಧಿಗೂ ಸೋಪಿಗೂ ಕಪ್ಪು ಜನರ ದುಡ್ಡು ಅಲ್ಲಿ ನಡೆಯುತ್ತಿತ್ತು. ಸ್ಟೂಲಿನ ಮೇಲೆ ಕೂತು ಏನನ್ನಾದರೂ ಕುಡಿಯಲು ಮಾತ್ರ ಅವಕಾಶವಿರಲಿಲ್ಲ. ಮಕ್ಕಳು ಹೋಗಿ ಕೂತರು, ಕೋಕಾ-ಕೋಲಾ ಕೇಳಿದರು. ಕೊಡಲಿಲ್ಲ. ಬೈಗುಳ ಕೇಳಿಬಂದರೂ ಮಕ್ಕಳು ಜಗ್ಗಲಿಲ್ಲ. ಮತ್ತೆ ಮತ್ತೆ ಬಂದು ಕೂತರು. ಕೆಲವೇ ದಿನಗಳಲ್ಲಿ ಕ್ಯಾಟ್ಜ್ ಕಂಪನಿ ಮೂರು ರಾಜ್ಯಗಳಲ್ಲಿದ್ದ ತನ್ನ ಕೌಂಟರುಗಳನ್ನು ಎಲ್ಲರಿಗೂ ತೆರೆಯಿತು. ಅದೇ ಬೇಸಿಗೆಯಲ್ಲಿ, ವಿಚಿಟಾದ ಡಾಕಂ ಡ್ರಗ್‌ಸ್ಟೋರಿನಲ್ಲಿಯೂ ವಿದ್ಯಾರ್ಥಿಗಳು ಸುಮಾರು ಮೂರು ವಾರ ಹೀಗೆಯೇ ಕೂತು ಗೆದ್ದಿದ್ದರು. ಎಲ್ಲರೂ ನೆನೆಯುವ ಗ್ರೀನ್ಸ್‌ಬರೋ ಊರಿನ ಇಂಥದ್ದೇ ಕೌಂಟರ್ ಧರಣಿ ನಡೆದದ್ದು ಇದಾಗಿ ಒಂದೂವರೆ ವರ್ಷದ ಮೇಲೆ, 1960ರಲ್ಲಿ. ಅಂದರೆ, ಒಂದು ದೇಶದ ಸಮಾನತೆಯ ಹೋರಾಟದ ಮೊದಲ ಪಾಠಗಳಲ್ಲಿ ಎರಡು ನಡೆದದ್ದು ಔಷಧಿ ಅಂಗಡಿಯ ಸ್ಟೂಲುಗಳ ಮೇಲೆ. ಆ ಕ್ಯಾಟ್ಜ್ ಹೆಸರು 1970ರ ದಶಕದ ಆರಂಭದಲ್ಲೇ ಇನ್ನೊಂದು ಕಂಪನಿಯೊಳಗೆ ಕರಗಿಹೋಯಿತು.

ಉಳಿದವು ಹೇಗೆ ಹೋದವು? ಗಿರಾಕಿಗಳು ಬರದೆ ಹೋದದ್ದಕ್ಕಿಂತ ಸಾಲ ಮತ್ತು ಮಾರಾಟದಿಂದ ಹೋದದ್ದೇ ಹೆಚ್ಚು. ರೆವ್ಕೊ ಕಥೆ ನೋಡಿ. 1986ರಲ್ಲಿ ಸುಮಾರು 130 ಕೋಟಿ ಡಾಲರಿಗೆ ಅದನ್ನು ಸಾಲದ ಹಣದಲ್ಲಿ ಕೊಂಡರು. ಆ ಸಾಲ ಕೊಂಡವರ ತಲೆಯ ಮೇಲಲ್ಲ, ಕಂಪನಿಯ ತಲೆಯ ಮೇಲೆಯೇ ಕೂತಿತು. ಎರಡೇ ವರ್ಷದಲ್ಲಿ, 1988ರಲ್ಲಿ, ರೆವ್ಕೊ ದಿವಾಳಿ ಅರ್ಜಿ ಹಾಕಿತು. ಹೇಗೋ ಎದ್ದು ನಿಂತ ಅದನ್ನು 1997ರಲ್ಲಿ ಸಿವಿಎಸ್ ಎಂಬ ಔಷಧಿ ಅಂಗಡಿ ಸರಣಿ ನುಂಗಿತು. ಪೀಪಲ್ಸ್ ಡ್ರಗ್ ಕೂಡ 1990ರಲ್ಲಿ ಸಿವಿಎಸ್ ಕೈ ಸೇರಿತ್ತು. 1994ರಲ್ಲಿ ಬೋರ್ಡೂ ಬದಲಾಯಿತು. ಎಕರ್ಡ್ ಎರಡು ಹೋಳಾಗಿ 2004ರಲ್ಲಿ ಇಬ್ಬರ ಪಾಲಾಯಿತು. 2008ರಲ್ಲಿ ಲಾಂಗ್ಸ್ ಮಾರಾಟವಾಯಿತು. ಹವಾಯಿ ದ್ವೀಪಗಳಲ್ಲಿ ಮಾತ್ರ ಆ ಹೆಸರನ್ನು ಉಳಿಸಿಕೊಂಡರು.

ಕೊಳ್ಳುವವರಿಗೆ ಬೇಕಾಗಿದ್ದದ್ದು ಏನು? ಕಟ್ಟಡವೂ ಅಲ್ಲ, ಸಾಮಾನೂ ಅಲ್ಲ. ಯಾರಿಗೆ ಯಾವ ಮಾತ್ರೆ, ಪ್ರತಿ ತಿಂಗಳೂ ಯಾರು ತಪ್ಪದೆ ಬರುತ್ತಾರೆ ಎಂಬ ಚೀಟಿಗಳ ಕಡತ. ಅದೇ ನಿಜವಾದ ಆಸ್ತಿ. ಬಿಪಿ, ಸಕ್ಕರೆ ಕಾಯಿಲೆಯವರ ಚೀಟಿಗಳನ್ನು ಕೊಂಡರೆ ಗಿರಾಕಿಗಳೂ ಜೊತೆಗೇ ಬರುತ್ತಾರೆ. ಮೇಲಾಗಿ ಔಷಧಿಯ ದುಡ್ಡನ್ನು ರೋಗಿಯ ಬದಲು ವಿಮೆ ಕೊಡುವ ಕಾಲ ಬಂದಿತ್ತು. ಎಷ್ಟು ಕೊಡಬೇಕು ಎಂದು ತೀರ್ಮಾನಿಸುವ ಮಧ್ಯವರ್ತಿ ಕಂಪನಿಗಳು ಹುಟ್ಟಿಕೊಂಡವು. 2007ರಲ್ಲಿ ಸಿವಿಎಸ್, ಕೇರ್‌ಮಾರ್ಕ್ ಎಂಬ ಅಂಥ ದೊಡ್ಡ ಮಧ್ಯವರ್ತಿಯನ್ನೇ ತನ್ನದಾಗಿಸಿಕೊಂಡಿತು. ಮಾರುವವನೂ ಬೆಲೆ ಕಟ್ಟುವವನೂ ಒಬ್ಬನೇ ಆದ ಮೇಲೆ ಪಕ್ಕದ ಸಣ್ಣ ಅಂಗಡಿ ಉಳಿಯುವುದು ಕಷ್ಟ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ನುಂಗಿದವರಲ್ಲೂ ಎಲ್ಲರೂ ಉಳಿಯಲಿಲ್ಲ. ಪೆನ್ಸಿಲ್ವೇನಿಯಾದ ಸ್ಕ್ರ್ಯಾಂಟನ್‌ನಲ್ಲಿ 1962ರಲ್ಲಿ ಶುರುವಾದ ರೈಟ್ ಏಡ್, ಲಾಸ್ ಏಂಜಲೀಸ್ ಕಡೆಯ ಥ್ರಿಫ್ಟಿಯನ್ನು 1996ರಲ್ಲಿ ಕೊಂಡಿತ್ತು. ಉರುಳೆಯಾಕಾರದ ಐಸ್‌ಕ್ರೀಮಿಗೆ ಹೆಸರಾದ ಅಂಗಡಿ ಥ್ರಿಫ್ಟಿ. 2023ರಲ್ಲಿ ಒಮ್ಮೆ, 2025ರಲ್ಲಿ ಇನ್ನೊಮ್ಮೆ ರೈಟ್ ಏಡ್ ದಿವಾಳಿ ಅರ್ಜಿ ಹಾಕಿತು. ಆ ವರ್ಷದ ಅಕ್ಟೋಬರ್ ಹೊತ್ತಿಗೆ ಕೊನೆಯ ಅಂಗಡಿಯೂ ಮುಚ್ಚಿತು. ಅದರ 600ಕ್ಕೂ ಹೆಚ್ಚು ಅಂಗಡಿಗಳ ಚೀಟಿ ಕಡತಗಳನ್ನು ಸಿವಿಎಸ್ ಕೊಂಡಿತು. ಅಂಗಡಿಗಳ ಸಮೇತ ಕೊಂಡದ್ದು ಅರವತ್ತು ಚಿಲ್ಲರೆ ಮಾತ್ರ. ಥ್ರಿಫ್ಟಿ ಐಸ್‌ಕ್ರೀಂ ಬೇರೆಯವರ ಪಾಲಾಯಿತು.

ಒಂದು ರಾಜ್ಯ ಮಾತ್ರ ಬೇರೆ ದಾರಿ ಹಿಡಿಯಿತು. ನಾರ್ತ್ ಡಕೋಟಾದಲ್ಲಿ 1963ರ ಕಾನೂನಿನ ಪ್ರಕಾರ ಔಷಧಿ ಅಂಗಡಿಯ ಅರ್ಧಕ್ಕಿಂತ ಹೆಚ್ಚು ಪಾಲು ಫಾರ್ಮಾಸಿಸ್ಟರದೇ ಆಗಿರಬೇಕು. ಪಕ್ಕದ ಮಿನ್ನೆಸೋಟಾದ ಸ್ನೈಡರ್ಸ್ ಎಂಬ ಸರಣಿ ಇದನ್ನು ಪ್ರಶ್ನಿಸಿತು. 1973ರಲ್ಲಿ ದೇಶದ ಸುಪ್ರೀಂ ಕೋರ್ಟ್ ಕಾನೂನಿನ ಪರ ನಿಂತಿತು. 2014ರಲ್ಲಿ ಅದನ್ನು ರದ್ದು ಮಾಡಬೇಕೇ ಎಂದು ಮತಕ್ಕೆ ಹಾಕಿದಾಗ ಅಲ್ಲಿನ ಜನ ಬೇಡ ಎಂದರು. ಅಷ್ಟು ಹೊತ್ತಿಗೆ ಸ್ನೈಡರ್ಸ್ ಬಾಗಿಲು ಹಾಕಿ ನಾಲ್ಕು ವರ್ಷವಾಗಿತ್ತು.